ಬೋಕಾ ಅಂದರೆ ಬಾಯಿ

ಗೌರಿ, ವೀರೇಶ,

ನಾನು ಪೋರ್ಚುಗಲ್‌ನಿಂದ ಬಂದ ದಿನ ನೀವಿಬ್ಬರೂ ಚೀಲ ಬಿಚ್ಚುವುದಕ್ಕೂ ಬಿಡದೆ ‘ಆಯಿ, ಹೆಂಗಿತ್ತ ಪರದೇಶ?’ ಎಂದು ಕೇಳಿದಿರಿ. ನಾನು ‘ಚಲೋ ಇತ್ತು’ ಎಂದಷ್ಟೇ ಹೇಳಿ ಒಳಗೆ ಹೋದೆ. ನಿಮ್ಮ ಮುಖ ಸಣ್ಣದಾದದ್ದು ನನಗೆ ಕಂಡಿತು. ಏನು ಮಾಡಲಿ, ನಿಮ್ಮ ಆಯಿಗೆ ನಾಲ್ಕು ಮಂದಿಯ ಎದುರು ಮಾತು ಹೊರಡುವುದಿಲ್ಲ. ಗೋವಾ ದಾರಿಯ ರಾಮನಗರದ ಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತೆನಲ್ಲ, ಅಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ನಾನು ಉತ್ತರವನ್ನು ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತೇನೆ.

ಒಂದು ಸಂಗತಿ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಹೊರಡುವುದಕ್ಕೆ ಒಂದು ವರ್ಷ ಮೊದಲಿನಿಂದಲೂ ನನ್ನ ಬಾಯಿ ಬಿಗಿಯುತ್ತಾ ಬಂದಿತ್ತು. ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಸಂದಿಯಲ್ಲಿ ತೂರಿಸಿದ ಹಾಗೆ ತಿನ್ನುತ್ತಿದ್ದೆ. ಕೆಂಪು ಚಟ್ನಿ ತಾಗಿದರೆ ಬಾಯೆಲ್ಲ ಉರಿ. ಗೌರಿ, ನೀನು ಒಮ್ಮೆ ‘ಆಯಿ, ಖಾರ ಯಾಕ ಬಿಟ್ಟಿ?’ ಎಂದು ಕೇಳಿದ್ದೆ. ಹೊಟ್ಟೆ ಉರಿ ಎಂದು ಸುಳ್ಳು ಹೇಳಿದೆ.

ನಿಮ್ಮ ಅಜ್ಜ ಬಾಯಿಯ ಕ್ಯಾನ್ಸರಿನಿಂದಲೇ ಹೋದವರು. ಆಗ ನೀವು ಬಹಳ ಸಣ್ಣವರು. ಅವರು ತಂಬಾಕು ತಿನ್ನುತ್ತಿದ್ದರು. ನಾನು ಎಂದೂ ತಂಬಾಕು ಮುಟ್ಟಿದವಳಲ್ಲ, ಬರೀ ಎಲೆ ಅಡಿಕೆ, ಅದರಲ್ಲೂ ಅಡಿಕೆ ಹೆಚ್ಚು. ಅಡಿಕೆ ದೇವರ ಮುಂದೆ ಇಡುವಂಥದ್ದು, ಬಂದವರಿಗೆ ತಟ್ಟೆಯಲ್ಲಿ ಕೊಡುವಂಥದ್ದು. ಅದರಿಂದ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೂ ಒಳಗೆ ಹೆದರಿಕೆ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಮ್ಮ ನೀಲಾ ಅತ್ತಿ ಪೋರ್ಚುಗಲ್‌ನಲ್ಲಿಯ ಕೆಲಸ ಬಿಟ್ಟು ಓಡಿ ಬರುತ್ತಾಳೆ. ಅಪ್ಪನಿಗೆ ಹೀಗಾಯಿತೆಂದೇ ಅವಳು ಕ್ಯಾನ್ಸರಿನ ಸಂಶೋಧನೆಗೆ ಹೋದವಳು. ಈಗ ಅವ್ವನಿಂದಾಗಿ ಅದನ್ನು ಬಿಡಬಾರದು.

ಹಾಗಾಗಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದುಕೊಂಡೇ ಮಾತಾಡುವುದು ರೂಢಿಯಾಯಿತು. ಗಂಡ ಸತ್ತ ಹೆಂಗಸು, ನಾಚಿಕೆ ಸ್ವಭಾವ ಎಂದು ಮಂದಿ ತಿಳಿದರು. ಅದೂ ಅರ್ಧ ನಿಜ.

ಗೋವಾದ ವಿಮಾನ ನಿಲ್ದಾಣ

ನೀಲಾ ರಜೆಗೆಂದು ಬಂದವಳು ಹೋಗುವಾಗ ನನ್ನನ್ನೂ ಎರಡು ತಿಂಗಳಿಗೆ ಕರೆದುಕೊಂಡು ಹೊರಟಳು. ಹಳಿಯಾಳದ ಸ್ಟ್ಯಾಂಡಿನಲ್ಲಿ ನೀವು ಕೈ ಬೀಸಿದ ಮೇಲೆ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ರಾಮನಗರ ಬಂದಾಗ ಮಾತ್ರ ನೋಡಿದೆ. ತವರು ಊರು ಬಸ್ಸಿನ ಕಿಟಕಿಯಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತು, ಹಿಂದೆ ಹೋಯಿತು.

ಗೋವಾದಲ್ಲಿ ಚೀಲಗಳನ್ನು ಒಂದು ಪೆಟ್ಟಿಗೆಯೊಳಗೆ ತೂರಿಸಿ ನೋಡುತ್ತಾರೆ. ನನ್ನ ಕೈಚೀಲ ಹೋದದ್ದು ಮರಳಿ ಬರಲಿಲ್ಲ. ಖಾಕಿ ತೊಟ್ಟ ಒಬ್ಬ ಹುಡುಗಿ ಅದನ್ನು ತೆರೆದು, ನನ್ನ ಅಡಕೊತ್ತನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನು ಎಂದು ಹಿಂದಿಯಲ್ಲಿ ಕೇಳಿದಳು. ನಾನು ಬಾಯಿಯ ಹತ್ತಿರ ಕೈ ತಂದು ಕಚಕಚ ಕತ್ತರಿಸುವ ಹಾಗೆ ತೋರಿಸಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಇನ್ನೊಬ್ಬಳು ಬಂದಳು. ಜೋಯಿಡಾ ಕಡೆಯವಳಿರಬೇಕು, ಕೊಂಕಣಿಯಲ್ಲಿ ನಗುತ್ತಾ ಇದು ಅಜ್ಜಿಯಂದಿರ ಸಾಮಾನು ಎಂದು ಬಿಡಿಸಿ ಹೇಳಿದಳು. ಆದರೂ ಅಲಗು ಅಲಗೇ ಎಂದು ಕತ್ತರಿ, ಉಗುರು ಕತ್ತರಿಗಳ ಡಬ್ಬಿಗೆ ಹಾಕಿದರು. ನನ್ನ ಅತ್ತೆ ಕೊಟ್ಟ ಅಡಕೊತ್ತು ಅದು.

ನೀಲಾಳ ಸಿಟ್ಟು ಬೇರೆಯೇ ಕಾರಣಕ್ಕೆ. ಫೋನಿನಲ್ಲಿ ಅಡಿಕೆ ಬಿಟ್ಟೆ ಎಂದು ನಾನು ಅವಳಿಗೆ ಎಷ್ಟೋ ಸಲ ಹೇಳಿದ್ದೆ.

‘ಬಿಟ್ಟೇನಿ ಅಂದಿದ್ದಿ?’

‘ಬಿಟ್ಟೇನಿ. ಅದು ಹಂಗ ಚೀಲದಾಗ ಉಳದಿತ್ತು.’

ನಂಬಿದಳು. ಕೌದಿಯ ಮಡಿಕೆಯಲ್ಲಿ ಹೊಲಿದಿಟ್ಟ ಅಡಿಕೆ ದೊಡ್ಡ ಚೀಲದಲ್ಲಿ ಆಗಲೇ ಒಳಗೆ ಹೋಗಿತ್ತು. ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಎಲ್ಲಿಯೂ ಹೋಗದೆ ಗುಂಯ್ ಎನ್ನುತ್ತಾ ಕೂತಿರುತ್ತದೆ, ಇಳಿದಾಗ ಊರು ಬದಲಾಗಿರುತ್ತದೆ.

ಅಮೆಲಿಯಾ ಅವರ ಮನೆ

ಪೋರ್ಟೊ ಊರು ಗುಡ್ಡದ ಮೇಲಿದೆ. ಕೆಳಗೆ ನದಿ. ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೆಟ್ಟಿಲು ಹತ್ತಬೇಕು. ಗೋಡೆಗಳಿಗೆ ನೀಲಿ ಬಿಳಿ ಹಂಚು ಅಂಟಿಸಿದ್ದಾರೆ. ನಾವು ಸ್ನಾನದ ಮನೆಯ ಒಳಗೆ ಅಂಟಿಸುವುದನ್ನು ಅವರು ಮನೆಯ ಹೊರಗೆ ಅಂಟಿಸುತ್ತಾರೆ. ಬಟ್ಟೆ ಒಣಹಾಕುವುದೂ ಹೊರಗೆ, ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ. ಒಳ ಉಡುಪು ಸಹ ಬೀದಿಯ ಮೇಲೆಯೇ ಹಾರಾಡುತ್ತಿರುತ್ತದೆ. ನಾನು ಮೊದಲ ವಾರ ತಲೆ ತಗ್ಗಿಸಿಯೇ ನಡೆದೆ.

ನೀಲಾ ಬಾಡಿಗೆಗಿದ್ದದ್ದು ಮೇಲಿನ ಮಾಳಿಗೆಯಲ್ಲಿ. ಕೆಳಗೆ ಮನೆಯ ಒಡತಿ ಅಮೆಲಿಯಾ ಒಬ್ಬರೇ ಇದ್ದರು. ವಯಸ್ಸು ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ಬಾಗಿಲು ತೆರೆದವರೇ ನನ್ನ ಎರಡೂ ಭುಜ ಹಿಡಿದು ಈ ಕೆನ್ನೆಗೆ ಒಂದು, ಆ ಕೆನ್ನೆಗೆ ಒಂದು ಮುತ್ತು ಕೊಟ್ಟರು. ಎರಡನೆಯದು ಸೆರಗಿನ ಮೇಲೆ ಬಿತ್ತು. ನಾನು ಗೋಡೆಗೆ ಆತು ನಿಂತೆ. ಹುಟ್ಟಿದಾರಭ್ಯ ನನ್ನನ್ನು ಹಾಗೆ ಯಾರೂ ಸ್ವಾಗತ ಮಾಡಿರಲಿಲ್ಲ. ಅಲ್ಲಿ ಇದು ದಿನದ ಪದ್ಧತಿ, ಭಾಜಿ ಮಾರುವವಳೂ ಹಾಗೆಯೇ ಮಾಡುತ್ತಾಳೆ ಎಂದು ನೀಲಾ ಹೇಳಿದಳು. ಎರಡನೆಯ ದಿನದಿಂದ ನಾನು ಅಮೆಲಿಯಾ ಅವರನ್ನು ಕಂಡರೆ ಮೆಟ್ಟಿಲ ಮೇಲೇ ಕೈ ಮುಗಿದುಬಿಡುತ್ತಿದ್ದೆ. ಎರಡೂ ಕೈ ನಡುವೆ ಇದ್ದರೆ ಹತ್ತಿರ ಬರಲಾರರು ಎಂದು ನನ್ನ ಲೆಕ್ಕ. ಅವರು ಕೈಗಳ ಮೇಲಿನಿಂದಲೇ ಬಗ್ಗಿ ಮುತ್ತು ಕೊಟ್ಟರು.

ಅವರು ಮೈಮೇಲೆ ಕಪ್ಪು ಬಟ್ಟೆಯನ್ನೇ ಹಾಕುತ್ತಿದ್ದರು. ಒಂದು ದಿನ ಅದನ್ನು ಎಳೆದು ತೋರಿಸಿ ‘ವಿಯೂವಾ’ ಎಂದರು. ನಾನೂ ತಾಳಿಯಿಲ್ಲದ ನನ್ನ ಕೊರಳನ್ನು ತೋರಿಸಿ ‘ವಿಧವಾ’ ಎಂದೆ. ಇಬ್ಬರೂ ಒಂದೇ ಮಾತು ಆಡಿದ್ದೆವು. ಅವರು ನನ್ನ ಕೈ ಹಿಡಿದುಕೊಂಡರು. ಅಂದಿನಿಂದ ನನಗೆ ಆ ಮನೆ ಪರಕೀಯವಾಗಲಿಲ್ಲ.

ಮಾತುಗಳ ಆಟವೂ ಅಂದಿನಿಂದಲೇ ಸುರುವಾಯಿತು. ಅವರು ಆಲೂಗಡ್ಡೆ ಎತ್ತಿ ‘ಬಟಾಟ’ ಎನ್ನುವರು, ನಾನು ‘ಬಟಾಟಿ’ ಎನ್ನುವೆ. ಕೀಲಿಯ ಕೈ ತೋರಿಸಿ ‘ಶಾವ್’ ಎನ್ನುವರು, ನಾನು ‘ಚಾವಿ’ ಎನ್ನುವೆ. ಮೇಜು, ಬಾಲ್ದಿ, ಸಾಬಾಣ, ಪಗಾರ, ಎಲ್ಲ ನಮ್ಮವೇ. ಒಂದು ಕಾಲಕ್ಕೆ ಗೋವಾದಲ್ಲಿ ಇಳಿದ ಪೋರ್ಚುಗೀಸರ ಮಾತುಗಳು ಉಪ್ಪಿನ ಬಂಡಿಗಳ ಸಂಗಡ ಘಟ್ಟ ಹತ್ತಿ ರಾಮನಗರ ಹಳಿಯಾಳಕ್ಕೆ ಬಂದು ನಮ್ಮ ಬಾಯಲ್ಲಿ ಉಳಿದಿವೆ ಎಂದು ನೀಲಾ ಬಿಡಿಸಿ ಹೇಳಿದಳು. ನನಗೆ ಧೈರ್ಯ ಬಂತು. ಪೇರಲ ಹಣ್ಣು ತಿನ್ನಬೇಕೆನಿಸಿ ಒಮ್ಮೆ ಅಮೆಲಿಯಾ ಅವರನ್ನು ‘ಪೇರಲ?’ ಎಂದು ಕೇಳಿದೆ. ಅವರು ಸಂತೋಷದಿಂದ ‘ಪೇರಾ, ಪೇರಾ’ ಎನ್ನುತ್ತಾ ಬುಟ್ಟಿ ತುಂಬ ಬೇರೆ ಯಾವುದೋ ಹಣ್ಣು ತಂದರು. ಸೊರೆಕಾಯಿ ಆಕಾರದ, ನೀರು ನೀರಾದ ಹಣ್ಣು. ಮಾತು ಅದೇ ಇದ್ದರೂ ಹಣ್ಣು ಬದಲಾಗಿರುತ್ತದೆ ಎಂದು ಅವತ್ತು ತಿಳಿಯಿತು. ಮುಂದೆ ಆಗಲಿದ್ದಕ್ಕೆ ಅದರಿಂದ ಬುದ್ಧಿ ಬರಲಿಲ್ಲ ನೋಡಿ.

ಅಡಿಕೆಗೆ ಅಡಕೊತ್ತು ಇರಲಿಲ್ಲ. ನೀಲಾ ಕೆಲಸಕ್ಕೆ ಹೋದ ಮೇಲೆ ಅಮೆಲಿಯಾ ಅವರ ಬಳಿ ಹೋಗಿ ಗೋಟು ಅಡಿಕೆ ತೋರಿಸಿದೆ. ಅವರು ಅಖರೋಟು ಒಡೆಯುವ ಇಕ್ಕಳ ತಂದರು. ಅಡಿಕೆ ಒಡೆಯುವ ಬದಲು ಹಾರಿ ಹೋಗಿ ಏಸುವಿನ ಪಟಕ್ಕೆ ಬಡಿಯಿತು. ಅಮೆಲಿಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು, ನಾನು ಗಲ್ಲ ಬಡಿದುಕೊಂಡೆ, ಆಮೇಲೆ ಇಬ್ಬರೂ ನಕ್ಕೆವು. ಅವರೂ ಒಂದು ಚೂರು ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿಕೊಂಡು ಕರವಸ್ತ್ರಕ್ಕೆ ಉಗುಳಿ, ಇದನ್ನು ಯಾಕೆ ತಿನ್ನುತ್ತೀ ಎಂಬಂತೆ ನನ್ನನ್ನು ನೋಡಿದರು. ನಾನು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡೆ.

ಬಾಗಿಲಿಗೆ ಬರುವ ಪಾವು

ಅಲ್ಲಿ ಬೆಳಗಿನ ಪಾವನ್ನು ಮನೆ ಮನೆಯ ಬಾಗಿಲ ಹಿಡಿಕೆಗೆ ಬಟ್ಟೆಯ ಚೀಲದಲ್ಲಿ ತೂಗಹಾಕಿ ಹೋಗುತ್ತಾರೆ. ಯಾರೂ ಕದಿಯುವುದಿಲ್ಲ, ನಾಯಿಯೂ ಎಳೆಯುವುದಿಲ್ಲ. ನಮ್ಮ ಊರಿನಲ್ಲಿ ಅದು ಎಷ್ಟು ಹೊತ್ತು ಉಳಿದೀತು ಎಂದು ನೀವೇ ಯೋಚಿಸಿ. ಆದರೆ ಆ ಪಾವಿನ ಹೊರಸಿಪ್ಪೆ ತೆಂಗಿನ ಚಿಪ್ಪಿನಂತೆ. ಅವರೆಲ್ಲ ಅದನ್ನು ನಡುವೆ ಸೀಳಿ, ಬೆಣ್ಣೆ ಸವರಿ, ಬಾಯಿ ಅಗಲಿಸಿ ಕರುಂ ಎಂದು ಕಚ್ಚುತ್ತಾರೆ. ನನ್ನ ಬಾಯಿಗೆ ಅದು ಹೋಗುವ ಹಾಗಿರಲಿಲ್ಲ. ನಾನು ಮೆತ್ತನೆಯ ಭಾಗ ಕಿತ್ತು ಹಾಲಿನಲ್ಲಿ ನೆನೆಸಿ ತಿಂದೆ. ನೀಲಾ ನೋಡಿದಳು. ‘ಪಾವು ಬಿರುಸೈತಿ’ ಎಂದೆ.

ಮಧ್ಯಾಹ್ನ ಅಮೆಲಿಯಾ ಕೊಡುತ್ತಿದ್ದ ಸೂಪು ನನಗೆ ಹೇಳಿ ಮಾಡಿಸಿದಂತಿತ್ತು. ಬಟಾಟಿ ಬೇಯಿಸಿ ಅರೆದು, ಅದರಲ್ಲಿ ಸೊಪ್ಪನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚಿ ಹಾಕಿದ್ದು. ಕಚ್ಚುವ ಕೆಲಸವಿಲ್ಲ. ಮೊದಲ ದಿನ ಅದರ ಮೇಲೆ ಗಜ್ಜರಿಯ ಬಿಲ್ಲೆಯಂಥದ್ದೊಂದು ತೇಲುತ್ತಿತ್ತು. ನಾನು ಅದನ್ನು ಚಮಚದಲ್ಲಿ ಎತ್ತುವಷ್ಟರಲ್ಲಿ ನೀಲಾ ಕೈ ಚಾಚಿ ಕಿತ್ತುಕೊಂಡು ತಾನು ನುಂಗಿದಳು. ಅದು ಹಂದಿಯ ಮಾಂಸವಂತೆ. ಲಿಂಗ ಕಟ್ಟಿಕೊಂಡ ಅವ್ವನನ್ನು ಕಾಯಲು ಮಗಳು ತಾನು ನುಂಗಿದ್ದು ನೋಡಿ ನನಗೆ ಸಿಟ್ಟು ಬರಬೇಕೋ ಪ್ರೀತಿ ಬರಬೇಕೋ ತಿಳಿಯಲಿಲ್ಲ.

ಕುಳಿಯೊಳಗಿನ ಓಣಿ

ನೀಲಾ ತನ್ನ ಕೆಲಸದ ಜಾಗಕ್ಕೆ ನನ್ನನ್ನು ಕರೆದೊಯ್ದಳು. ಸೀರೆಯ ಮೇಲೆ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ, ಬಾಯಿಗೆ ಮಾಸ್ಕು. ಮಾಸ್ಕು ನನಗೆ ಬಹಳ ಹಿಡಿಸಿತು. ಸೆರಗು ಹಿಡಿಯುವ ಕೆಲಸ ತಪ್ಪಿತು, ಕೈ ಎರಡೂ ಬಿಡುವಾದವು.

ನಾನು ದೊಡ್ಡ ಯಂತ್ರಗಳಿರುತ್ತವೆ ಎಂದುಕೊಂಡಿದ್ದೆ. ಅವಳು ಬೆಚ್ಚಗಿನ ಕಪಾಟಿನಿಂದ ಹೊರತೆಗೆದದ್ದು ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಣ್ಣ ಸಣ್ಣ ಕುಳಿಗಳು. ನೋಡಲು ನಮ್ಮ ಪಡ್ಡಿನ ಹಂಚೇ. ಪ್ರತಿ ಕುಳಿಯಲ್ಲಿ ಗುಲಾಬಿ ಬಣ್ಣದ ನೀರು, ಅದರೊಳಗೆ ಗಿಣ್ಣದಂತೆ ನಡುಗುವ ಒಂದು ಬಿಳಿ ಬಿಲ್ಲೆ. ಆ ಬಿಲ್ಲೆಯೊಳಗೆ ಮನುಷ್ಯರ ಬಾಯಿಯ ಜೀವಕೋಶಗಳು ಬದುಕಿವೆ ಎಂದಳು. ಬಿಲ್ಲೆಯನ್ನು ಯಾವುದರಿಂದ ಮಾಡುತ್ತೀರಿ ಎಂದು ಕೇಳಿದೆ. ಅದನ್ನು ಕೇಳಬೇಡ ಎಂದಳು. ಮತ್ತೆ ಕೇಳಿದಾಗ ಇಲಿಯ ಬಾಲದಿಂದ ತೆಗೆದ ನಾರು ಎಂದಳು. ಕೇಳಬಾರದಿತ್ತು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬಹಳ ವರ್ಷ ಕ್ಯಾನ್ಸರಿನ ಕೋಶಗಳನ್ನು ಬಯಲು ತಟ್ಟೆಯ ಮೇಲೆ, ಜಮಖಾನೆಯ ಮೇಲೆ ಜೋಳ ಹರವಿದ ಹಾಗೆ ಬೆಳೆಸಿ ನೋಡುತ್ತಿದ್ದರಂತೆ. ಈಗಲೂ ಎಷ್ಟೋ ಕಡೆ ಹಾಗೆ ಮಾಡುತ್ತಾರೆ. ಆದರೆ ಮೈಯೊಳಗೆ ಅವು ಹಾಗೆ ಹರವಿಕೊಂಡು ಇರುವುದಿಲ್ಲ. ಮೇಲೆ, ಕೆಳಗೆ, ಪಕ್ಕಕ್ಕೆ, ಎಲ್ಲ ಕಡೆಗೂ ನಾರು, ನರ, ಬೇರೆ ಕೋಶಗಳು ಒತ್ತಿಕೊಂಡಿರುತ್ತವೆ. ಅಂಥ ಜಾಗವನ್ನೇ ಕುಳಿಯಲ್ಲಿ ಕಟ್ಟಿ ಅದರೊಳಗೆ ಇಟ್ಟರೆ ಅವು ಬೇರೆಯೇ ರೀತಿ ನಡೆದುಕೊಳ್ಳುತ್ತವೆ.

‘ಅವ್ವ, ಕ್ಯಾನ್ಸರ್ ಒಂದ ಮನಿ ಇದ್ದಂಗ’ ಎಂದಳು. ‘ನಾವು ಬರೇ ಆ ಮನಿ ನೋಡಕೋತ ಕೂತಿದ್ವಿ. ಸುತ್ತಲಿನ ಓಣಿ ನೋಡಲೇ ಇಲ್ಲ.’

ಇದು ನನಗೆ ತಕ್ಷಣ ತಿಳಿಯಿತು. ಓಣಿ ಗಟ್ಟಿ ಇದ್ದರೆ ಪುಂಡ ಮನೆಯೊಳಗೇ ಇರುತ್ತಾನೆ. ಓಣಿಯವರೇ ಅವನಿಗೆ ಅನ್ನ ಹಾಕಿ ದಾರಿ ಬಿಟ್ಟರೆ ಊರೇ ಅವನದು.

ಕೋಶಗಳಿಗೆ ದಿನ ಬಿಟ್ಟು ದಿನ ಗುಲಾಬಿ ನೀರು ಬದಲಿಸಬೇಕು, ಆದಿತ್ಯವಾರ ಹಬ್ಬ ಏನೂ ಇಲ್ಲ. ಮನೆಯಲ್ಲಿ ಹಯನು ಕಟ್ಟಿದವರ ಹಾಗೆ ಎಂದು ಹೇಳಿದೆ. ನೀಲಾ ನಕ್ಕಳು. ಆಮೇಲೆ ಎರಡು ಕುಳಿಗಳನ್ನು ತೋರಿಸಿದಳು. ಒಂದರಲ್ಲಿ ಬಿಲ್ಲೆ ಕುಳಿಯ ತುಂಬ ಹರಡಿತ್ತು. ಇನ್ನೊಂದರಲ್ಲಿ ಅಂಗಿಯ ಗುಂಡಿಯಷ್ಟಕ್ಕೆ ಮುದುಡಿ ಬಿಗಿಯಾಗಿ ನಡುವೆ ಕೂತಿತ್ತು. ಎರಡನ್ನೂ ಒಂದೇ ದಿನ, ಒಂದೇ ಅಳತೆಯಲ್ಲಿ ಮಾಡಿದ್ದಂತೆ. ಒಳಗಿನ ಕೋಶಗಳು ನಾರನ್ನು ಹಿಡಿದು ಜಗ್ಗುತ್ತವೆ, ಹೊಸ ನಾರು ನೇಯುತ್ತವೆ, ಹಾಗೆ ಜಗ್ಗಿ ಜಗ್ಗಿ ಬಿಲ್ಲೆ ಬಿಗಿಯುತ್ತದೆ ಎಂದಳು. ಎರಡನೆಯ ಕುಳಿಗೆ ಅವರು ಏನನ್ನೋ ಹಾಕಿದ್ದರು.

‘ತಂಬಾಕ ಹಾಕೀರೇನ?’ ಎಂದು ಕೇಳಿದೆ.

‘ಇಲ್ಲವ್ವ. ಬರೇ ಅಡಿಕಿ ನೀರು.’

ನಾನು ಆ ಗುಂಡಿಯಷ್ಟು ಬಿಲ್ಲೆಯನ್ನೇ ನೋಡುತ್ತಾ ನಿಂತೆ. ನಾಲಿಗೆ ತಾನಾಗಿಯೇ ಕೆನ್ನೆಯ ಒಳಗೆ ಹೋಯಿತು. ಅಲ್ಲಿ ಮೇಲಿನಿಂದ ಕೆಳಗೆ ಹಗ್ಗದಂತೆ ಬಿಗಿದ ಗೆರೆಗಳಿದ್ದವು. ಎಷ್ಟೋ ತಿಂಗಳಿನಿಂದ ನನಗೆ ಅವುಗಳ ಗುರುತಿತ್ತು.

ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಚಿತ್ರ ದೊಡ್ಡ ಪರದೆಯ ಮೇಲೆ ಬರುತ್ತಿತ್ತು. ಕಪ್ಪಿನ ಮೇಲೆ ಹಸಿರು ನಾರು, ಕೆಂಪು ಕ್ಯಾನ್ಸರ್ ಕೋಶಗಳು. ಸಡಿಲ ಬಿಲ್ಲೆಯಲ್ಲಿ ಕೆಂಪು ಕೋಶಗಳು ಒಂದು ಉಂಡೆಯಾಗಿ ಕೂತಿದ್ದವು. ಬಿಗಿದ ಬಿಲ್ಲೆಯಲ್ಲಿ ನಾರುಗಳೆಲ್ಲ ಒಂದೇ ದಿಕ್ಕಿಗೆ ಸೆಟೆದು ನಿಂತು, ಕೆಂಪು ಕೋಶಗಳು ಅವುಗಳ ಗುಂಟ ಸಾಲಾಗಿ ಹೊರಟಿದ್ದವು. ನನಗೆ ಕುಳಗಿಯ ಕಾಡು ನೆನಪಾಯಿತು. ಅಲ್ಲಿ ಪೊದೆ ಎಷ್ಟು ಒತ್ತಾಗಿದ್ದರೂ ಕಾಟಿಗಳು, ಆ ಕಾಡುಕೋಣಗಳು, ನಡೆದು ನಡೆದು ಮಾಡಿದ ಒಂದು ದಾರಿ ಇರುತ್ತದೆ. ಹಿಂದೆ ಬರುವವಕ್ಕೆ ಹುಡುಕುವ ಕೆಲಸವಿಲ್ಲ. ಅದನ್ನೇ ನೀಲಾಗೆ ಹೇಳಿದೆ. ಮೊದಲ ಕಾಟಿಯನ್ನೇ ನಿಲ್ಲಿಸುವುದು ಹೇಗೆ ಎಂದು ತಾವು ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ ಎಂದಳು.

ಬೋಕಾ

ಅಷ್ಟರಲ್ಲಿ ನೀಲಾಳನ್ನು ಯಾರೋ ಕರೆದರು. ಸಂಗಡ ಕೆಲಸ ಮಾಡುವ ತೆರೇಸಾ ಎಂಬವರ ಬಳಿ ನನ್ನನ್ನು ಬಿಟ್ಟು ಹೊರಗೆ ಹೋದಳು. ತೆರೇಸಾ ಹಲ್ಲು ಮತ್ತು ಬಾಯಿಯ ಡಾಕ್ಟರು. ಬೆಳಿಗ್ಗೆ ದವಾಖಾನೆಯಲ್ಲಿ ರೋಗಿಗಳನ್ನು ನೋಡಿ ಮಧ್ಯಾಹ್ನ ಇಲ್ಲಿಗೆ ಬರುತ್ತಿದ್ದರು. ನಗುಮುಖದ ಹೆಂಗಸು. ಕನ್ನಡ ಬಾರದಿದ್ದರೂ ನನಗೆ ತಿಳಿಸಬೇಕೆಂದು ಅವರಿಗೆ ಆಸೆ. ಪರದೆಯ ಮೇಲಿನ ಬಿಗಿದ ನಾರನ್ನು ತೋರಿಸಿದರು, ತಮ್ಮ ಬಾಯಿಯನ್ನು ತೋರಿಸಿಕೊಂಡರು, ಆಮೇಲೆ ನನ್ನ ಮಾಸ್ಕಿನ ಕಡೆಗೆ ಬೆರಳು ಮಾಡಿ ನಗುತ್ತಾ ‘ಬೋಕಾ, ಬೋಕಾ’ ಎಂದರು.

ನಮ್ಮಲ್ಲಿ ಹಲ್ಲಿಲ್ಲದ ಬಾಯಿಗೆ ಬೊಕ್ಕ ಬಾಯಿ ಎನ್ನುತ್ತೇವಲ್ಲ. ವೀರೇಶ, ನಾನು ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿ ನಿನ್ನ ಗೆಳೆಯರು ‘ನಿಮ್ಮ ಆಯಿ ಬೊಕ್ಕ’ ಎಂದು ಕಟ್ಟೆಯ ಮೇಲೆ ಕೂತು ಆಡಿಕೊಂಡದ್ದು ನನಗೆ ಕೇಳಿಸಿತ್ತು. ಅಲ್ಲಿ ಸುಮ್ಮನಿದ್ದೆ. ಇಲ್ಲಿ ಏಳು ಸಮುದ್ರ ದಾಟಿ ಬಂದರೂ ಓದಿದ ಡಾಕ್ಟರ್ ಬಾಯಿಯಿಂದ ಅದೇ ಮಾತೇ ಎಂದು ಮೈ ಉರಿಯಿತು. ಬಟಾಟಿ, ಚಾವಿ, ಬಾಲ್ದಿ ಎಲ್ಲವೂ ನಮ್ಮ ಮಾತೇ ಆಗಿರುವಾಗ ಇದೂ ನಮ್ಮದೇ ಎಂದು ನನಗೆ ಅನುಮಾನವೇ ಬರಲಿಲ್ಲ. ಇಷ್ಟು ವರ್ಷದ ನಾಚಿಕೆ ಎಲ್ಲಿ ಹೋಯಿತೋ, ಮಾಸ್ಕನ್ನು ಗದ್ದಕ್ಕೆ ಎಳೆದೆ.

‘ಬೊಕ್ಕ ಅಲ್ರೀ ನಂದು. ಎಲ್ಲಾ ಹಲ್ಲೂ ಅದಾವ. ನೋಡ್ರಿ ಬೇಕಾದ್ರ.’

ಎಷ್ಟು ಆಗುತ್ತದೋ ಅಷ್ಟು ಬಾಯಿ ತೆರೆದೆ. ತೆರೇಸಾ ಅವರ ನಗು ನಿಂತಿತು. ಅವರು ನನ್ನ ಹಲ್ಲುಗಳನ್ನು ನೋಡುತ್ತಿರಲಿಲ್ಲ. ಇನ್ನೂ ತೆರೆ ಎಂದು ಕೈಯಲ್ಲಿ ತೋರಿಸಿದರು. ಅಷ್ಟೇ ಎಂದು ನಾನು ತಲೆ ಅಲ್ಲಾಡಿಸಿದೆ. ಅವರು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ತಮ್ಮ ಬಾಯಿಯೊಳಗೆ ಇಟ್ಟು ತೋರಿಸಿ, ನೀನೂ ಮಾಡು ಎಂದು ಸನ್ನೆ ಮಾಡಿದರು. ನನ್ನ ಎರಡನೆಯ ಬೆರಳು ಹಲ್ಲಿಗೆ ತಾಗಿ ನಿಂತುಬಿಟ್ಟಿತು.

ನೀಲಾ ಒಳಗೆ ಬಂದದ್ದು ಆಗಲೇ. ನಾನು ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದೆ. ಅವಳು ತೆರೇಸಾ ಅವರ ಜೇಬಿನಿಂದ ಸಣ್ಣ ಬ್ಯಾಟರಿ ತೆಗೆದು ನನ್ನ ಮುಂದೆ ಬಗ್ಗಿದಳು.

‘ಅವ್ವ, ಬಾಯಿ ತಗಿ.’

ಔಡಲೆಣ್ಣೆಯ ಚಮಚ ಹಿಡಿದು ನಾನು ಅವಳಿಗೆ ಹೇಳುತ್ತಿದ್ದ ಮಾತು. ತೆಗೆದೆ. ಬಹಳ ಹೊತ್ತು ನೋಡಿದಳು.

‘ಎಷ್ಟ ದಿನಾತು?’

‘ವರ್ಷದ ಮ್ಯಾಲಾತು.’

‘ನನಗ ಯಾಕ ಹೇಳಲಿಲ್ಲ?’

‘ಎಲ್ಲಾ ಬಿಟ್ಟ ಬಂದಬಿಡ್ತಿ ಅಂತ.’

‘ಬಂದ ಬರ್ತಿದ್ದೆ.’

‘ಅದಕ್ಕ.’

ಅವಳು ದೀಪ ಆರಿಸಿ ಗೋಡೆಯ ಕಡೆಗೆ ತಿರುಗಿದಳು. ದಿನಾ ನೂರು ಬಾಯಿಯ ಚಿತ್ರ ನೋಡುತ್ತೇನೆ, ನನ್ನ ಅವ್ವನ ಬಾಯಿ ನೋಡಲಿಲ್ಲ ಎಂದು ಆಮೇಲೆ ಟ್ರಾಮಿನಲ್ಲಿ ಹೇಳಿದಳು. ಸೆರಗು ಇತ್ತಲ್ಲ, ನೀನು ಹೇಗೆ ನೋಡುತ್ತೀ ಎಂದೆ. ಬೋಕಾ ಅಂದರೆ ಅವರಲ್ಲಿ ಬರೀ ಬಾಯಿ ಎಂದು ತಿಳಿದದ್ದೂ ಅದೇ ಟ್ರಾಮಿನಲ್ಲಿ. ಅವಳಿಗೆ ನಗು ಬಂತು, ಅಳುವೂ ಬಂತು. ಎದುರು ಕೂತ ಮುದುಕರೊಬ್ಬರು ಕರವಸ್ತ್ರ ಕೊಟ್ಟು ಮುಂದಿನ ನಿಲ್ದಾಣದಲ್ಲಿ ಇಳಿದು ಹೋದರು. ಕರವಸ್ತ್ರ ನಮ್ಮಲ್ಲೇ ಉಳಿಯಿತು.

ಮನೆಗೆ ಬಂದು ಕೌದಿಯ ಹೊಲಿಗೆ ಬಿಚ್ಚಿ ಅಡಿಕೆಯನ್ನೆಲ್ಲ ಅವಳ ಮಡಿಲಿಗೆ ಸುರಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತೆರೇಸಾ ಅವರ ದವಾಖಾನೆ

ಕೆನ್ನೆಯ ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. ತೆರೇಸಾ ಇನ್ನೊಂದು ಮಾತನ್ನೂ ಕೇಳಬೇಕೆಂದಿದ್ದರು. ಅದಕ್ಕಾಗಿ ನೀಲಾಳನ್ನು ಹೊರಗೆ ಕೂರಿಸಿದರು, 'ಮಗಳು ಎದುರಿಗಿದ್ದರೆ ತಾಯಿ ಬೇಡ ಎನ್ನಲಾರಳು' ಎಂದು. ಗೋವಾದ ಮೂಲದ ಒಬ್ಬ ನರ್ಸು ಕೊಂಕಣಿಯಲ್ಲಿ ಬಿಡಿಸಿ ಹೇಳಿದಳು. ರಾಮನಗರದಲ್ಲಿ ಬೆಳೆದ ನನಗೆ ಕೊಂಕಣಿ ಹೊಸದಲ್ಲ. ಪರೀಕ್ಷೆ ಮುಗಿದು ಉಳಿದ ತುಣುಕನ್ನು ಎಸೆಯುವ ಬದಲು, ನಾನು ಒಪ್ಪಿದರೆ, ಅದರಿಂದ ಕೋಶ ಬೆಳೆಸಿ ಆ ಕುಳಿಗಳಲ್ಲಿ ಇಡುತ್ತಾರೆ. ಅಡಿಕೆಯಿಂದ ಬಿಗಿದ ನಿಜವಾದ ಬಾಯಿಯ ಕೋಶ ಆ ಊರಿನಲ್ಲಿ ಸಿಗುವುದು ಅಪರೂಪ. ಒಪ್ಪದಿದ್ದರೂ ಚಿಕಿತ್ಸೆಗೆ ಏನೂ ಕಡಿಮೆಯಿಲ್ಲ.

ಮೊದಲು ಬೇಡ ಎಂದೆ. ನಮ್ಮಲ್ಲಿ ಸತ್ತವರನ್ನು ಇಡಿಯಾಗಿ ಕೂರಿಸಿ ಮಣ್ಣು ಮಾಡುತ್ತಾರೆ. ಒಂದು ಚೂರು ಪರದೇಶದಲ್ಲಿ ಉಳಿದರೆ ಹೇಗೆ? ಆಮೇಲೆ ನಿಮ್ಮ ಅಜ್ಜ ನೆನಪಾದರು. ಅವರ ದವಡೆಯ ಅರ್ಧ ಭಾಗ ತೆಗೆದಿದ್ದರು. ಅದು ಎಲ್ಲಿ ಹೋಯಿತೆಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಾರ ಉಪಯೋಗಕ್ಕೂ ಬರದೆ ಹೋಯಿತು. ಆಗಲಿ ಎಂದು ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ರುಜು ಮಾಡಿದೆ.

ಪರೀಕ್ಷೆಯ ಫಲ ಬರುವ ತನಕ ಅಮೆಲಿಯಾ ನನ್ನನ್ನು ಒಬ್ಬಳೇ ಬಿಡಲಿಲ್ಲ. ಅಡಿಕೆಗೆ ಬಾಯಿ ಬಿಡುವಾಗಲೆಲ್ಲ ಬಡೇಸೋಪಿನ ಚಹಾ ಕಾಯಿಸಿ ಕೊಟ್ಟರು. ಅಡಿಕೆ ಬಿಟ್ಟವರಿಗೆ ತಲೆ ಸಿಡಿಯುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ನಾನು ಅವರ ಮೇಲೆ ಕನ್ನಡದಲ್ಲಿ ರೇಗಿದೆ. ಅವರು ನನ್ನ ಮೇಲೆ ಪೋರ್ಚುಗೀಸಿನಲ್ಲಿ ರೇಗಿದರು. ಇಬ್ಬರಿಗೂ ಹಗುರವಾಯಿತು. ಅವರು ಚರ್ಚಿನಲ್ಲಿ ಮೇಣಬತ್ತಿ ಹಚ್ಚಿದರು, ನಾನು ಪಕ್ಕದಲ್ಲಿ ನಿಂತು ನಮ್ಮ ಶಿವನನ್ನು ನೆನೆದೆ. ಅವನಿಗೆ ಅಲ್ಲಿ ಜಾಗವಿಲ್ಲ ಎಂದು ಯಾರೂ ಅನ್ನಲಿಲ್ಲ.

ಒಂದು ಮಧ್ಯಾಹ್ನ ನೀಲಾ ಹೊತ್ತಿಗೆ ಮೊದಲೇ ಮನೆಗೆ ಬಂದಳು. ಮೆಟ್ಟಿಲ ಸಪ್ಪಳದಿಂದಲೇ ಏನಾಗಿದೆ ಎಂದು ತಿಳಿಯಲು ನೋಡಿದೆ, ತಿಳಿಯಲಿಲ್ಲ. ಅವಳು ನನ್ನ ಎದುರು ನೆಲದ ಮೇಲೆ ಕೂತಳು.

‘ಕ್ಯಾನ್ಸರ್ ಅಲ್ಲವ್ವ. ಇವತ್ತಿಗಿಲ್ಲ.’ ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು, ‘ಆದ್ರ ಓಣಿ ಕೆಟ್ಟೈತಿ’ ಎಂದಳು.

ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದಿಲ್ಲ, ಇನ್ನು ಬಿಗಿಯದಂತೆ ನೋಡಿಕೊಳ್ಳಬೇಕು. ಅಡಿಕೆ ಈ ಜನ್ಮಕ್ಕೆ ಮುಗಿಯಿತು. ಬದುಕಿರುವ ತನಕ ಆಗಾಗ ಬಾಯಿ ತೋರಿಸುತ್ತಿರಬೇಕು. ಇಷ್ಟು ಹೇಳಿ, ನಾನು ಹೆದರಿದ್ದ ಮಾತನ್ನೇ ಹೇಳಿದಳು. ತಾನು ಇದನ್ನು ಬಿಟ್ಟು ನನ್ನ ಸಂಗಡ ಊರಿಗೆ ಬರುತ್ತಾಳಂತೆ.

‘ಬ್ಯಾಡ’ ಎಂದೆ. ‘ನನ್ನ ಬಾಯಿ ನೋಡಾಕ ಹುಬ್ಬಳ್ಯಾಗ ಡಾಕ್ಟರ್ ಅದಾರ. ಮುಚ್ಚಿಕೊಳ್ಳೂದಿಲ್ಲ ಇನ್ನ, ತೋರಸ್ತೇನಿ. ನೀ ಆ ಕಾಟಿ ದಾರಿ ನೋಡು.’

ಬಹಳ ಜಗಳವಾಡಿದಳು. ನನ್ನ ಮಗಳಲ್ಲವೇ, ಸುಲಭಕ್ಕೆ ಸೋಲುವವಳಲ್ಲ. ಆದರೆ ಅವತ್ತು ನಾನು ಬಾಯಿ ತೆರೆದು ಮಾತಾಡಿದೆ, ಗೆದ್ದೆ.

ಮರಳಿ ಹಳಿಯಾಳ

ಹೊರಡುವ ದಿನ ಅಮೆಲಿಯಾ ಬಾಗಿಲಲ್ಲಿ ನಿಂತಿದ್ದರು. ಈ ಸಲ ನಾನೇ ಮೊದಲು ಅವರ ಭುಜ ಹಿಡಿದು ಎರಡೂ ಕೆನ್ನೆಗೆ ಮುತ್ತು ಕೊಟ್ಟೆ. ಹಾಗೆ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಈಗ ದಿನಾ ಮುಂಜಾನೆ ನಾನು ಹಲ್ಲುಗಳ ನಡುವೆ ಐಸ್‌ಕ್ರೀಮಿನ ಕಡ್ಡಿಗಳ ಕಟ್ಟು ಇಟ್ಟುಕೊಂಡು ಕೂರುವುದನ್ನು ನೋಡಿ ನೀವು ನಗುತ್ತೀರಿ. ನಗಿರಿ. ಅದು ತೆರೇಸಾ ಹೇಳಿಕೊಟ್ಟ ವ್ಯಾಯಾಮ. ಆ ಕಟ್ಟಿನಲ್ಲಿ ಒಂದು ಕಡ್ಡಿ ಹೆಚ್ಚಾದ ದಿನ ಎಲ್ಲರಿಗಿಂತ ಮೊದಲು ನೀಲಾಗೆ ಫೋನು ಮಾಡುತ್ತೇನೆ. ಅಡಿಕೆಯ ತಟ್ಟೆ ಬಂದರೆ ನೀವಿಬ್ಬರೂ ಅದನ್ನು ಮುಂದಿನವರಿಗೆ ದಾಟಿಸಿರಿ. ಸಿಹಿ ಅಡಿಕೆ, ಬಣ್ಣದ ಪುಡಿಯ ಪಾಕೀಟು, ಯಾವುದೇ ಇರಲಿ. ಬರೀ ಅಡಿಕೆ ಎಂದು ಯಾರಾದರೂ ಅಂದರೆ ನನ್ನನ್ನು ಕರೆಯಿರಿ, ನಾನು ಬಾಯಿ ತೆರೆದು ತೋರಿಸುತ್ತೇನೆ.

ಪ್ರವಾಸಕ್ಕೆ ಹೋದವರೆಲ್ಲ ಇಡಿಯಾಗಿ ಮರಳಿ ಬರುತ್ತಾರೆ. ನಿಮ್ಮ ಆಯಿ ಹಾಗೆ ಬಂದಿಲ್ಲ. ಕಡಲೆ ಬೇಳೆಯಷ್ಟು ನಾನು ಇನ್ನೂ ಪೋರ್ಟೊದಲ್ಲಿಯೇ ಇದ್ದೇನೆ. ಆ ಕೋಶಗಳು ಬೆಳೆದವಂತೆ. ಕೆಲವನ್ನು ಬಹಳ ತಂಪಿನಲ್ಲಿ ಮಲಗಿಸಿದ್ದಾರೆ, ಕೆಲವನ್ನು ಎಬ್ಬಿಸಿ ಕುಳಿಗೆ ಹಾಕಿದ್ದಾರೆ. ಯಾವ ಕುಳಿಯಲ್ಲಿ ಯಾರಿದ್ದಾರೆ ಎಂದು ಕೆಲಸ ಮಾಡುವವರಿಗೆ ತಿಳಿಸುವುದಿಲ್ಲ, ಅದು ಅಲ್ಲಿಯ ನಿಯಮ. ನೀಲಾಗೂ ಗೊತ್ತಿಲ್ಲ. ಅದಕ್ಕೇ ಎಲ್ಲ ಕುಳಿಗಳಿಗೂ ಅವ್ವನಿಗೆ ಹಾಕಿದ ಹಾಗೆಯೇ ನೀರು ಹಾಕುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಡಿರಿ. ಒದ್ದೆಯಾಗದ ಕಡೆ, ಇಲಿ ಕಡಿಯದ ಕಡೆ ಇಡಿರಿ. ಅಲ್ಲಿ ಆ ತಟ್ಟೆಯ ಮೇಲೆ ನನ್ನ ಹೆಸರಿಲ್ಲ, ಬರೀ ಒಂದು ನಂಬರು ಇದೆ. ಮುಂದೆ ಎಂದಾದರೂ ಆ ಕುಳಿಯಿಂದ ಯಾರದೋ ಬಾಯಿಗೆ ಒಳ್ಳೆಯದಾದರೆ, ಅದು ಹಳಿಯಾಳ ತಾಲೂಕಿನ ಶಾಂತವ್ವನ ಬಾಯಿ ಎಂದು ಬರೆದಿರುವುದು ಇಲ್ಲಿ ಮಾತ್ರ.